ಕ್ಯಾಮ್ ಗೇರ್ ಹೊಂದಿಸುವುದು: ಗಡಿನಾಡಿನ ಏರುರಸ್ತೆಗೆ ಹಳೆಯ ಸಣ್ಣ ಕಾರನ್ನು ಹದಗೊಳಿಸುವ ಬಗೆ

ಹೊಂದಿಸಬಹುದಾದ ಕ್ಯಾಮ್ ಗೇರ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಬ ದಂಡವನ್ನು ತಿರುಗಿಸುವ ಪುಲ್ಲಿ) ಹಾಕಿದರೆ ಎಷ್ಟು ಬಿಎಚ್‌ಪಿ, ಅಂದರೆ ಎಂಜಿನ್ ಶಕ್ತಿ, ಹೆಚ್ಚುತ್ತದೆ? ಹಳೆಯ ಎಸ್ಟೀಮ್, ಝೆನ್, ಪಾಲಿಯೊ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡಿರುವ ಕಾಸರಗೋಡಿನ ಹುಡುಗರು ಮೊದಲು ಕೇಳುವುದು ಇದನ್ನೇ. ಕಂಪನಿಯ ಮೂಲ ಕ್ಯಾಮ್‌ಶಾಫ್ಟ್ ಇರುವ ಎಂಜಿನ್ನಿನಲ್ಲಿ ಗರಿಷ್ಠ ಶಕ್ತಿಯ ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಆ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಕೈಗೆ ಸಿಗುತ್ತದೆ ಎಂಬುದು ಬದಲಾಗುತ್ತದೆ. ನಮ್ಮ ಕಡೆಯ ರಸ್ತೆಗಳಿಗೆ ಅದೇ ಮುಖ್ಯ. ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿ ಹೋಗುವಾಗ ಎಂಜಿನ್ ಬಹುಪಾಲು 2000ರಿಂದ 3500 ಆರ್‌ಪಿಎಂ ಒಳಗೇ ದುಡಿಯುತ್ತದೆ. ಏರಿನ ಮಧ್ಯೆ ಮೂರನೆಯ ಗೇರು ಸಾಲದೆ ಎರಡಕ್ಕೆ ಇಳಿಸುವ ಕಾರಿಗೆ 6000 ಆರ್‌ಪಿಎಂನಲ್ಲಿ ಸಿಗುವ ಎರಡು ಬಿಎಚ್‌ಪಿಯಿಂದ ಯಾವ ಉಪಕಾರವೂ ಇಲ್ಲ. ಆದ್ದರಿಂದ ಈ ಲೇಖನದ ಗುರಿ ಕೆಳಗಿನ ಮತ್ತು ನಡುವಿನ ಎಳೆತ, ಅಂದರೆ ನಾವು ಪಿಕಪ್ ಎನ್ನುವ ಗುಣ.

ಯಾವ ಕಾರಿಗೆ ಹೊಂದುತ್ತದೆ

ಕ್ಯಾಮ್ ಗೇರ್ ಎಂದರೆ ಕ್ಯಾಮ್‌ಶಾಫ್ಟಿನ ತುದಿಯಲ್ಲಿರುವ, ಟೈಮಿಂಗ್ ಬೆಲ್ಟ್ ತಿರುಗಿಸುವ ಹಲ್ಲಿನ ಪುಲ್ಲಿ. ಮೂಲ ಪುಲ್ಲಿ ಒಂದೇ ತುಂಡಾಗಿರುತ್ತದೆ. ಹೊಂದಿಸಬಹುದಾದ ಪುಲ್ಲಿಯಲ್ಲಿ ಒಳಗಿನ ಗುಂಭ ಬೇರೆ, ಹೊರಗಿನ ಹಲ್ಲಿನ ಉಂಗುರ ಬೇರೆ. ನಡುವೆ ಉದ್ದನೆಯ ಸೀಳುಗಳಲ್ಲಿ ಐದಾರು ಬೋಲ್ಟುಗಳು ಎರಡನ್ನೂ ಬಿಗಿದಿರುತ್ತವೆ. ಬೋಲ್ಟು ಸಡಿಲಿಸಿದರೆ ಉಂಗುರ ನಿಂತಲ್ಲೇ ಇದ್ದು, ಗುಂಭದೊಂದಿಗೆ ಕ್ಯಾಮ್ ಕೆಲವು ಡಿಗ್ರಿ ಹಿಂದೆ ಮುಂದೆ ತಿರುಗುತ್ತದೆ.

ಬೆಲ್ಟಿನಿಂದ ಕ್ಯಾಮ್ ತಿರುಗುವ ಹಳೆಯ ಎಂಜಿನ್‌ಗಳಿಗೆ ಇದು ಹೇಳಿ ಮಾಡಿಸಿದ ಭಾಗ. ಎಸ್ಟೀಮಿನ 1298 ಸಿಸಿ, ಹಳೆಯ ಝೆನ್‌ನ 993 ಸಿಸಿ ಎಂಜಿನ್‌ಗಳಲ್ಲಿ ಒಂದೇ ಕ್ಯಾಮ್ ಇದೆ. ಪಾಲಿಯೊ 1.6ರಲ್ಲಿ ಎರಡು ಕ್ಯಾಮ್‌ಗಳಿವೆ. ಈಚಿನ ಕಾರುಗಳಲ್ಲಿ ಬಹಳಷ್ಟಕ್ಕೆ ಬೆಲ್ಟಿನ ಬದಲು ಚೈನು ಬಂದಿದೆ, ಜೊತೆಗೆ ಓಡುತ್ತಿರುವಾಗಲೇ ಕ್ಯಾಮನ್ನು ತಾನೇ ಹಿಂದೆ ಮುಂದೆ ಮಾಡುವ ವಿವಿಟಿ ವ್ಯವಸ್ಥೆಯೂ ಇದೆ. ಅಂಥ ಕಾರು ನಿಮ್ಮದಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಈ ಗೇರ್ ಮಾಡುವ ಕೆಲಸವನ್ನು ಅಲ್ಲಿ ಕಂಪ್ಯೂಟರ್ ಇನ್ನೂ ಚೆನ್ನಾಗಿ ಮಾಡುತ್ತಿರುತ್ತದೆ.

ಒಂದು ಕ್ಯಾಮ್, ಎರಡು ಕ್ಯಾಮ್ ಎಂಬ ವ್ಯತ್ಯಾಸ ಸಣ್ಣದಲ್ಲ. ಒಂದೇ ಕ್ಯಾಮ್ ಇದ್ದರೆ ಗಾಳಿ ಒಳಬಿಡುವ ಇನ್‌ಟೇಕ್ ಮತ್ತು ಉರಿದ ಗ್ಯಾಸು ಹೊರಬಿಡುವ ಎಕ್ಸಾಸ್ಟ್ ವಾಲ್ವುಗಳು ಒಟ್ಟಿಗೇ ಸರಿಯುತ್ತವೆ. ಎರಡೂ ತೆರೆದಿರುವ ಓವರ್‌ಲ್ಯಾಪ್ ಅವಧಿಯ ಉದ್ದ ಬದಲಾಗದು. ಎರಡು ಕ್ಯಾಮ್ ಇದ್ದರೆ ಅದನ್ನೂ ಹೆಚ್ಚು ಕಡಿಮೆ ಮಾಡಬಹುದು, ಕೆಡಿಸಲೂಬಹುದು.

ಸರಿಸಿದರೆ ಒಳಗೆ ಆಗುವುದೇನು

ಇನ್‌ಟೇಕ್ ವಾಲ್ವು ಪಿಸ್ಟನ್ ಕೆಳತುದಿ ಮುಟ್ಟಿದ ಕೂಡಲೇ ಮುಚ್ಚುವುದಿಲ್ಲ. ಪಿಸ್ಟನ್ ಮೇಲೇರತೊಡಗಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಇನ್ನೂ 40ರಿಂದ 60 ಡಿಗ್ರಿ ತಿರುಗುವ ತನಕ ಅದು ತೆರೆದೇ ಇರುತ್ತದೆ. ಎಂಜಿನ್ ವೇಗವಾಗಿ ಓಡುವಾಗ ಒಳನುಗ್ಗುವ ಗಾಳಿಗೆ ತನ್ನದೇ ಓಟವಿರುವುದರಿಂದ, ಪಿಸ್ಟನ್ ಮೇಲೆ ಬರುತ್ತಿದ್ದರೂ ಸಿಲಿಂಡರ್ ತುಂಬುತ್ತಲೇ ಇರುತ್ತದೆ. ನಿಧಾನಕ್ಕೆ ಓಡುವಾಗ ಆ ಓಟ ಇಲ್ಲ. ಒಳಗೆ ಬಂದ ಗಾಳಿಯನ್ನೇ ಪಿಸ್ಟನ್ ತಿರುಗಿ ಹೊರಗೆ ನೂಕುತ್ತದೆ. ಕ್ಯಾಮನ್ನು ಅಡ್ವಾನ್ಸ್ ಮಾಡಿದರೆ, ಅಂದರೆ ಅದು ತಿರುಗುವ ದಿಕ್ಕಿನಲ್ಲೇ ಸ್ವಲ್ಪ ಮುಂದಕ್ಕೆ ಸರಿಸಿದರೆ, ವಾಲ್ವು ಬೇಗ ಮುಚ್ಚಿ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಗಾಳಿ ಒಳಗೇ ಉಳಿಯುತ್ತದೆ. ಏರಿನಲ್ಲಿ ಎಳೆತ ಬರುವುದು ಇದರಿಂದ. ರಿಟಾರ್ಡ್ ಮಾಡಿದರೆ, ಅಂದರೆ ಹಿಂದಕ್ಕೆ ಸರಿಸಿದರೆ, ಕೆಳಗೆ ಸೊರಗಿ, ಮೇಲಿನ ಆರ್‌ಪಿಎಂನಲ್ಲಿ ಚುರುಕಾಗುತ್ತದೆ.

ಎರಡು ಕ್ಯಾಮ್‌ಗಳ ಎಂಜಿನ್ನಿನಲ್ಲಿ ಎಕ್ಸಾಸ್ಟಿನ ಲೆಕ್ಕ ತಿರುಗುಮುರುಗು. ಎಕ್ಸಾಸ್ಟ್ ಕ್ಯಾಮನ್ನು ರಿಟಾರ್ಡ್ ಮಾಡಿದರೆ ವಾಲ್ವು ತಡವಾಗಿ ತೆರೆದು, ಉರಿದ ಗ್ಯಾಸು ಪಿಸ್ಟನನ್ನು ಇನ್ನಷ್ಟು ಹೊತ್ತು ಕೆಳಕ್ಕೆ ನೂಕುತ್ತದೆ. ಕೆಳಗಿನ ಎಳೆತಕ್ಕೆ ಅದು ಒಳ್ಳೆಯದು. ಆದರೆ ಇನ್‌ಟೇಕ್ ಅಡ್ವಾನ್ಸ್, ಎಕ್ಸಾಸ್ಟ್ ರಿಟಾರ್ಡ್ ಎರಡನ್ನೂ ಒಟ್ಟಿಗೆ ಮಾಡಿದರೆ ಓವರ್‌ಲ್ಯಾಪ್ ಉದ್ದವಾಗಿ ಐಡಲ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಓಡುವಾಗ, ನಡುಗುತ್ತದೆ, ಸುಡದ ಪೆಟ್ರೋಲು ಹೊಗೆಯಲ್ಲಿ ಹೋಗುತ್ತದೆ, ಹೊಗೆ ತಪಾಸಣೆಯಲ್ಲಿ ತೊಂದರೆಯಾಗಬಹುದು. ಎರಡರಲ್ಲಿ ಮೊದಲು ಇನ್‌ಟೇಕನ್ನು ಮಾತ್ರ ಮುಟ್ಟಿ. ಅದು ಸರಿಯೆನಿಸಿದ ಮೇಲೆ ಎಕ್ಸಾಸ್ಟ್.

ಹೆಡ್ ಫೇಸಿಂಗ್ ಮಾಡಿಸಿದ ಕಾರುಗಳು

ನಮ್ಮ ಕರಾವಳಿಯ ಸೆಕೆಯಲ್ಲಿ ಹಳೆಯ ಕಾರು ಬಿಸಿಯಾಗಿ ಗ್ಯಾಸ್ಕೆಟ್ ಹೋಗುವುದು, ಹೆಡ್ಡನ್ನು (ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ) ಲೇತಿಗೆ ಕೊಟ್ಟು ಉಜ್ಜಿ ಮಟ್ಟ ಮಾಡುವ ಫೇಸಿಂಗ್ ಮಾಡಿಸುವುದು ಸಾಮಾನ್ಯ. ಹೆಡ್ಡಿನ ಅಡಿಯನ್ನು ಉಜ್ಜಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ. ಬೆಲ್ಟಿನ ಹಲ್ಲುಗಳ ಸಂಖ್ಯೆ ಹಾಗೆಯೇ ಇರುವುದರಿಂದ ಕ್ಯಾಮ್ ಹಿಂದೆ ಬೀಳುತ್ತದೆ, ಅಂದರೆ ತಾನಾಗಿಯೇ ರಿಟಾರ್ಡ್ ಆಗುತ್ತದೆ. ಸಣ್ಣ ಕಾರಿನ ಪುಲ್ಲಿಯ ಗಾತ್ರದಲ್ಲಿ ಅರ್ಧ ಮಿಲಿಮೀಟರ್ ಉಜ್ಜಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ. ಅದು ಚಿಕ್ಕದೇ. ಆದರೆ ಎರಡು ಸಲ ಉಜ್ಜಿದ ಹೆಡ್ಡಿಗೆ ಹಳೆಯ ಬೆಲ್ಟಿನ ಹಿಗ್ಗು ಸೇರಿದರೆ ಕಾರು ಹಿಂದಿನಂತೆ ಎಳೆಯುವುದಿಲ್ಲ. ಬೆಲ್ಟನ್ನು ಒಂದು ಹಲ್ಲು ಜಾರಿಸಿ ಇದನ್ನು ಸರಿಪಡಿಸಲಾಗದು. ಪುಲ್ಲಿಯಲ್ಲಿ 40 ಹಲ್ಲುಗಳಿದ್ದರೆ ಒಂದು ಹಲ್ಲು ಎಂದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18 ಡಿಗ್ರಿ. ಹೊಂದಿಸಬಹುದಾದ ಗೇರಿನ ಬಹು ದೊಡ್ಡ ಉಪಯೋಗ ಇಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ: ಮೊದಲು ಕಂಪನಿ ಇಟ್ಟ ಜಾಗಕ್ಕೆ ಕ್ಯಾಮನ್ನು ಮರಳಿಸುವುದು, ಅಲ್ಲಿಂದ ಮುಂದೆ ನಮ್ಮ ರಸ್ತೆಗೆ ಬೇಕಾದಷ್ಟು ಸರಿಸುವುದು.

ಇದೆಲ್ಲಕ್ಕಿಂತ ಮೊದಲು ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಗೇರಿಗೆ ಇಟ್ಟ ಹಣವನ್ನು ರಿಂಗಿಗೋ ವಾಲ್ವಿಗೋ ಹಾಕುವುದು ಜಾಣತನ. ಏರ್ ಫಿಲ್ಟರ್, ಪ್ಲಗ್, ಕ್ಲಚ್ ಕೂಡ ಸರಿಯಿರಲಿ. ಜಾರುವ ಕ್ಲಚ್ಚಿನ ಕಾರಿನಲ್ಲಿ ಯಾವ ಹೊಂದಾಣಿಕೆಯ ಫಲವೂ ತಿಳಿಯುವುದಿಲ್ಲ.

ಗೇರ್ ಕೊಳ್ಳುವಾಗ

ಹಲ್ಲುಗಳ ಸಂಖ್ಯೆ ಮಾತ್ರವಲ್ಲ, ಹಲ್ಲಿನ ಆಕಾರವೂ ನಿಮ್ಮ ಬೆಲ್ಟಿಗೆ ಕೂಡಬೇಕು. ಕೆಲವು ಬೆಲ್ಟುಗಳದು ದುಂಡು ಹಲ್ಲು, ಕೆಲವುಗಳದು ಚಪ್ಪಟೆ ತಲೆಯ ಹಲ್ಲು. ಹಳೆಯ ಪುಲ್ಲಿಯನ್ನು ಹೊಸದರ ಪಕ್ಕದಲ್ಲಿಟ್ಟು ಬೆಲ್ಟನ್ನು ಎರಡರ ಮೇಲೂ ಕೂರಿಸಿ ನೋಡಿ. ಉಂಗುರದ ಮೇಲ್ಮೈ ಗಟ್ಟಿ ಅನೋಡೈಸ್ ಆಗಿರಬೇಕು, ಇಲ್ಲದಿದ್ದರೆ ಅಲ್ಯುಮಿನಿಯಂ ಹಲ್ಲು ಬೇಗ ಸವೆಯುತ್ತದೆ. ಗೇರಿನ ಮೇಲಿನ ಗೀಟುಗಳು ಕ್ಯಾಮಿನ ಡಿಗ್ರಿಯೋ ಕ್ರ್ಯಾಂಕಿನ ಡಿಗ್ರಿಯೋ ಎಂದು ಕೇಳಿ ತಿಳಿಯಿರಿ. ಕ್ಯಾಮ್ ಒಂದು ಸುತ್ತು ಬರುವಾಗ ಕ್ರ್ಯಾಂಕ್ ಎರಡು ಸುತ್ತು ಬರುವುದರಿಂದ ಕ್ಯಾಮಿನ ಒಂದು ಡಿಗ್ರಿ ಕ್ರ್ಯಾಂಕಿನ ಎರಡಕ್ಕೆ ಸಮ. ಈ ಒಂದು ಗೊಂದಲದಿಂದಲೇ ಬಯಸಿದ್ದಕ್ಕಿಂತ ಇಮ್ಮಡಿ ಸರಿಸಿಬಿಡುವವರಿದ್ದಾರೆ. ಮುಂದೆ ನಾನು ಹೇಳುವ ಅಂಕಿಗಳೆಲ್ಲ ಕ್ರ್ಯಾಂಕಿನ ಡಿಗ್ರಿಗಳು.

ಬೇಕಾದ ಸಲಕರಣೆ ಹೆಚ್ಚಿಲ್ಲ: ಅಂಚಿನಲ್ಲಿ ಡಿಗ್ರಿ ಗುರುತುಗಳಿರುವ ಡಿಗ್ರಿ ಚಕ್ರ, ಮ್ಯಾಗ್ನೆಟ್ ಸ್ಟ್ಯಾಂಡಿರುವ ಡಯಲ್ ಗೇಜ್, ಟಾರ್ಕ್ ರೆಂಚ್, ಟೈಮಿಂಗ್ ಲೈಟ್, ಬಿಳಿ ಬಣ್ಣದ ಪೆನ್ನು. ಡಿಗ್ರಿ ಚಕ್ರ 20 ಸೆಂಟಿಮೀಟರ್ ಅಗಲವಿದ್ದರೆ ಅಂಚಿನಲ್ಲಿ ಒಂದು ಡಿಗ್ರಿಗೆ ಸುಮಾರು 1.75 ಮಿಲಿಮೀಟರ್ ಜಾಗ ಸಿಗುತ್ತದೆ, ಕಣ್ಣಿಗೆ ಓದಲು ಅಷ್ಟಾದರೂ ಬೇಕು. ಪಿಸ್ಟನ್ನನ್ನು ಮೇಲ್ತುದಿಗೆ ಮೊದಲೇ ತಡೆಯುವ ಪಿಸ್ಟನ್ ಸ್ಟಾಪನ್ನು ಊರಿನ ಲೇತಿನಲ್ಲೇ ಮಾಡಿಸಬಹುದು. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ತೆಗೆದು, ಒಳಗೆ ತುದಿ ದುಂಡಗೆ ಮಾಡಿದ ಬೋಲ್ಟೊಂದನ್ನು ಬೆಸೆದರೆ ಆಯಿತು. ತುದಿ ಚೂಪಾಗಿದ್ದರೆ ಪಿಸ್ಟನ್ನಿಗೆ ಗಾಯವಾಗುತ್ತದೆ.

ಅಳತೆ: ಹಳೆಯ ಪುಲ್ಲಿ ಬಿಚ್ಚುವ ಮೊದಲೇ

ಕಂಪನಿಯ ಪುಲ್ಲಿ ಇರುವಾಗಲೇ ಕ್ಯಾಮ್ ಎಲ್ಲಿ ನಿಂತಿದೆ ಎಂದು ಅಳೆದು ಬರೆದುಕೊಳ್ಳಿ. ಈ ಅಂಕಿ ಇಲ್ಲದೆ ಗೇರನ್ನು ಎತ್ತ ತಿರುಗಿಸಿದರೂ ಅದು ಊಹೆ.

ಎಂಜಿನ್ ತಣ್ಣಗಾಗಿರಲಿ. ಬ್ಯಾಟರಿಯ ವಯರ್ ಬಿಚ್ಚಿ, ಪ್ಲಗ್ಗುಗಳನ್ನೆಲ್ಲ ತೆಗೆಯಿರಿ. ಬೆಲ್ಟಿನ ಕವರ್, ವಾಲ್ವ್ ಕವರ್ ತೆಗೆದು ಟ್ಯಾಪೆಟ್ ಕ್ಲಿಯರೆನ್ಸನ್ನು (ವಾಲ್ವು ಮುಚ್ಚಿದಾಗ ಅದನ್ನು ಒತ್ತುವ ಭಾಗದೊಂದಿಗೆ ಉಳಿಯುವ ಸಣ್ಣ ಅಂತರ) ಕಂಪನಿಯ ಅಳತೆಗೆ ಸರಿಮಾಡಿ. ಡಿಗ್ರಿ ಚಕ್ರವನ್ನು ಕ್ರ್ಯಾಂಕ್ ಪುಲ್ಲಿಗೆ ಕೂರಿಸಿ, ಗಟ್ಟಿ ತಂತಿಯೊಂದನ್ನು ಬಗ್ಗಿಸಿ ಮುಳ್ಳಿನಂತೆ ಚಕ್ರದ ಅಂಚಿಗೆ ಹಿಡಿಸಿ. ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಬೇಕು. ಹೆಚ್ಚಿನವು ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತವೆ. ಹಳೆಯ ಹೋಂಡಾ ಸಿಟಿಯ ಡಿ ಸರಣಿಯ ಎಂಜಿನ್ ಅದಕ್ಕೆ ವಿರುದ್ಧ.

ಒಂದನೆಯ ಸಿಲಿಂಡರಿನ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ನಿನ ಮೇಲ್ತುದಿ, ಮೊದಲು ಸಿಗಬೇಕು. ಮೇಲ್ತುದಿಯ ಬಳಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲ್ಲಾಡಿದಂತೆ ಕಾಣದು, ಹಾಗಾಗಿ ಕಣ್ಣಂದಾಜು ನಡೆಯದು. ಪಿಸ್ಟನ್ ಸ್ಟಾಪನ್ನು ಪ್ಲಗ್ಗಿನ ತೂತಿಗೆ ಹಾಕಿ, ಅದು ವಾಲ್ವಿಗೆ ತಾಗುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಪಿಸ್ಟನ್ ತಾಗುವ ತನಕ ಮೆಲ್ಲಗೆ ತಿರುಗಿಸಿ ಚಕ್ರ ಓದಿ. ಆಮೇಲೆ ಈ ಒಂದು ಅಳತೆಗೆ ಮಾತ್ರ ಹಿಂದಕ್ಕೆ ತಿರುಗಿಸಿ, ಇನ್ನೊಂದು ಕಡೆಯಿಂದ ತಾಗಿದಾಗ ಓದಿ. ಒಂದು ಕಡೆ 24, ಇನ್ನೊಂದು ಕಡೆ 20 ಬಂದರೆ ಎರಡೂ ಕಡೆ 22 ಬರುವಂತೆ ಮುಳ್ಳನ್ನು ಎರಡು ಡಿಗ್ರಿ ಸರಿಸಿ. ಈಗ ಚಕ್ರದ ಸೊನ್ನೆಯೇ ಟಿಡಿಸಿ. ಸ್ಟಾಪ್ ತೆಗೆಯುವುದನ್ನು ಮರೆಯಬೇಡಿ.

ಡಯಲ್ ಗೇಜಿನ ಮೊನೆಯನ್ನು ಒಂದನೆಯ ಸಿಲಿಂಡರಿನ ಇನ್‌ಟೇಕ್ ವಾಲ್ವಿನ ತಲೆಯ ಮೇಲೆ, ವಾಲ್ವು ಚಲಿಸುವ ದಿಕ್ಕಿಗೆ ನೇರವಾಗಿ ಇಡಿ. ವಾಲ್ವು ಪೂರ್ತಿ ತೆರೆದ ಸ್ಥಾನದಲ್ಲಿ ಗೇಜನ್ನು ಸೊನ್ನೆಗೆ ತಂದು, ಕ್ರ್ಯಾಂಕನ್ನು ಮತ್ತೆ ಸುತ್ತಿಸಿಕೊಂಡು ಬನ್ನಿ. ವಾಲ್ವು ಪೂರ್ತಿ ತೆರೆಯಲು 1.25 ಮಿಲಿಮೀಟರ್ ಬಾಕಿಯಿರುವಾಗ ಚಕ್ರ ಓದಿ. ತುದಿ ದಾಟಿ ಮತ್ತೆ 1.25 ಮಿಲಿಮೀಟರ್ ಮುಚ್ಚಿದಾಗ ಇನ್ನೊಮ್ಮೆ ಓದಿ. ಟಿಡಿಸಿಯ ನಂತರ 82 ಮತ್ತು 142 ಬಂತೆನ್ನಿ. ಎರಡರ ಸರಾಸರಿ 112. ಇದೇ ಆ ಕ್ಯಾಮಿನ ಸೆಂಟರ್‌ಲೈನ್, ಅಂದರೆ ವಾಲ್ವು ಪೂರ್ತಿ ತೆರೆಯುವ ಜಾಗ. ಅಂಕಿ ದೊಡ್ಡದಾದಷ್ಟೂ ರಿಟಾರ್ಡ್, ಚಿಕ್ಕದಾದಷ್ಟೂ ಅಡ್ವಾನ್ಸ್.

ಕಂಪನಿ ಬಯಸಿದ್ದ ಅಂಕಿ ಯಾವುದು ಎಂದು ವರ್ಕ್‌ಶಾಪ್ ಕೈಪಿಡಿಯಿಂದ ಲೆಕ್ಕ ಹಾಕಬಹುದು. ಇನ್‌ಟೇಕ್ ವಾಲ್ವು ಟಿಡಿಸಿಗೆ 10 ಡಿಗ್ರಿ ಮೊದಲು ತೆರೆದು, ಕೆಳತುದಿಯ ನಂತರ 50 ಡಿಗ್ರಿಗೆ ಮುಚ್ಚುತ್ತದೆ ಎಂದು ಅಲ್ಲಿದ್ದರೆ, ಒಟ್ಟು ತೆರೆದಿರುವುದು 10, 180, 50 ಕೂಡಿ 240 ಡಿಗ್ರಿ. ಅದರ ಅರ್ಧ 120, ಅದರಲ್ಲಿ 10 ಕಳೆದರೆ 110. ನೀವು ಅಳೆದದ್ದು 112 ಆಗಿದ್ದರೆ ಕ್ಯಾಮ್ ಎರಡು ಡಿಗ್ರಿ ಹಿಂದೆ ಬಿದ್ದಿದೆ ಎಂದರ್ಥ. ಈ ಉದಾಹರಣೆಯ ಅಂಕಿಗಳನ್ನು ನಿಮ್ಮ ಕಾರಿಗೆ ಹಾಗೆಯೇ ತೆಗೆದುಕೊಳ್ಳಬೇಡಿ. ಕೈಪಿಡಿಯಲ್ಲಿ ನಿಮ್ಮ ಎಂಜಿನ್ನಿನದೇ ಇರುತ್ತದೆ.

ಕೂರಿಸಿ ಹೊಂದಿಸುವುದು

ಬೆಲ್ಟು ಬಿಚ್ಚುವ ಅವಕಾಶ ಸಿಕ್ಕಿದಾಗ ಹೊಸ ಬೆಲ್ಟು, ಬೆಲ್ಟನ್ನು ಬಿಗಿಯಾಗಿಡುವ ಹೊಸ ಟೆನ್ಷನರ್ ಹಾಕಿ. ಬೆಲ್ಟಿನಿಂದಲೇ ವಾಟರ್ ಪಂಪ್ ತಿರುಗುವ ಕಾರಾದರೆ ಅದನ್ನೂ ನೋಡಿಕೊಳ್ಳಿ. ಒಂದನೆಯ ಸಿಲಿಂಡರನ್ನು ಟಿಡಿಸಿಗೆ ತಂದು, ಕಂಪನಿಯ ಗುರುತುಗಳನ್ನು ಸೇರಿಸಿ, ಹೊಸ ಗೇರನ್ನು ಅದರ ಸೊನ್ನೆಯಲ್ಲಿಟ್ಟು ಬೆಲ್ಟು ಕಟ್ಟಿ. ಟೆನ್ಷನ್ ಕೊಟ್ಟ ಮೇಲೆ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಟೈಮಿಂಗ್ ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ.

ಈಗ ಸೆಂಟರ್‌ಲೈನ್ ಮತ್ತೆ ಅಳೆಯಿರಿ. ಸರಿಸಬೇಕಾದಾಗ ಕ್ಯಾಮಿನ ನಡುಬೋಲ್ಟಿಗೆ ಸ್ಪ್ಯಾನರ್ ಹಾಕಿ ಹಿಡಿದುಕೊಂಡೇ ಗೇರಿನ ಬೋಲ್ಟುಗಳನ್ನು ಸಡಿಲಿಸಿ. ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ಫಕ್ಕನೆ ಹಾರುವುದುಂಟು. ಉಂಗುರವೂ ಬೆಲ್ಟೂ ನಿಂತಲ್ಲೇ ಇದ್ದು, ಕ್ಯಾಮ್ ತಿರುಗುವ ದಿಕ್ಕಿನಲ್ಲಿ ಮುಂದಕ್ಕೆ ಹೋದರೆ ಅಡ್ವಾನ್ಸ್. ಬೋಲ್ಟುಗಳನ್ನು ಎದುರುಬದುರಾಗಿ, ಗೇರ್ ತಯಾರಿಸಿದವರು ಹೇಳಿದ ಟಾರ್ಕಿಗೆ ಬಿಗಿಯಿರಿ. ಅಂತಿಮವಾಗಿ ಬಿಗಿಯುವಾಗ ಥ್ರೆಡ್ ಲಾಕರ್ ಹಚ್ಚಿ, ಉಂಗುರ ಮತ್ತು ಗುಂಭದ ಮೇಲೆ ಅಡ್ಡವಾಗಿ ಒಂದು ಬಿಳಿ ಗೀಟು ಎಳೆಯಿರಿ. ಬೋಲ್ಟು ಜಾರಿದರೆ ಗೀಟು ಮುರಿದು ಕಾಣುತ್ತದೆ.

ಮೊದಲು ಕಂಪನಿಯ ಅಂಕಿಗೆ ತಂದು ಕೆಲವು ದಿನ ಓಡಿಸಿ. ಫೇಸಿಂಗ್ ಆದ ಹೆಡ್ಡಿನ ಕಾರಿನಲ್ಲಿ ಇಷ್ಟಕ್ಕೇ ತೃಪ್ತಿಯಾಗುವುದೂ ಇದೆ. ಮುಂದೆ ಹೋಗುವುದಾದರೆ ಎರಡು ಡಿಗ್ರಿ ಅಡ್ವಾನ್ಸ್, ಆಮೇಲೆ ಬೇಕೆನಿಸಿದರೆ ನಾಲ್ಕು. ದಿನಬಳಕೆಯ ಕಾರಿನಲ್ಲಿ ಇದನ್ನು ದಾಟಬಾರದೆಂಬುದು ನನ್ನ ಅಭಿಪ್ರಾಯ. ಅಡ್ವಾನ್ಸ್ ಮಾಡಿದಷ್ಟೂ ಇನ್‌ಟೇಕ್ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಎಕ್ಸಾಸ್ಟ್ ಕ್ಯಾಮನ್ನು ರಿಟಾರ್ಡ್ ಮಾಡಿದಷ್ಟೂ ಎಕ್ಸಾಸ್ಟ್ ವಾಲ್ವು ಹತ್ತಿರವಾಗುತ್ತದೆ. ಹೆಡ್ ಉಜ್ಜಿದ್ದರೆ ಆ ಅಂತರ ಮೊದಲೇ ಕಡಿಮೆಯಾಗಿರುತ್ತದೆ. ಹೆಡ್ ಬಿಚ್ಚಿ ತೆಗೆದಿರುವ ಸಂದರ್ಭವಾದರೆ ಪಿಸ್ಟನ್ನಿನ ಮೇಲೆ ಮಕ್ಕಳು ಆಡುವ ಮೇಣದ ಮಣ್ಣನ್ನು ಇಟ್ಟು, ಹೆಡ್ ಕೂರಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ತೆಗೆದು ವಾಲ್ವು ಒತ್ತಿದಲ್ಲಿ ಮಣ್ಣಿನ ದಪ್ಪ ಅಳೆಯಿರಿ. ಇನ್‌ಟೇಕಿನಲ್ಲಿ 2 ಮಿಲಿಮೀಟರ್, ಎಕ್ಸಾಸ್ಟಿನಲ್ಲಿ 2.5 ಮಿಲಿಮೀಟರ್ ಉಳಿದಿರಬೇಕೆಂಬುದು ಎಂಜಿನ್ ಕಟ್ಟುವವರು ಬಹುಕಾಲದಿಂದ ಪಾಲಿಸುವ ಲೆಕ್ಕ.

ಇಗ್ನಿಷನ್ ಮರೆಯುವಂತಿಲ್ಲ

ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಮಿನ ತುದಿಯಿಂದಲೇ ತಿರುಗುವ ಎಂಜಿನ್ನಿನಲ್ಲಿ ಕ್ಯಾಮನ್ನು ಸರಿಸಿದರೆ ಕಿಡಿ ಹಾರುವ ಹೊತ್ತೂ ಜೊತೆಗೇ ಸರಿಯುತ್ತದೆ. ನಾಲ್ಕು ಡಿಗ್ರಿ ಅಡ್ವಾನ್ಸ್ ಮಾಡಿದರೆ ಇಗ್ನಿಷನ್ನೂ ನಾಲ್ಕು ಡಿಗ್ರಿ ಮುಂದೆ ಹೋಗುತ್ತದೆ. ಪಿಕಪ್ ಹೆಚ್ಚಿತು ಎಂದು ಅನಿಸುವುದು ಎಷ್ಟೋ ಸಲ ಈ ಕಾರಣದಿಂದ. ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ನನ್ನು ಕಂಪನಿಯ ಗುರುತಿಗೆ ಮರಳಿಸಿದ ಮೇಲೆಯೇ ಕ್ಯಾಮಿನ ಫಲವನ್ನು ನೋಡಬೇಕು. ಇನ್‌ಟೇಕ್ ವಾಲ್ವು ಬೇಗ ಮುಚ್ಚುವುದರಿಂದ ಕಡಿಮೆ ವೇಗದಲ್ಲಿ ಸಿಲಿಂಡರಿನ ಒತ್ತಡ ಹೆಚ್ಚುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಕಟಕ ಎಂಬ ನಾಕಿಂಗ್ ಸದ್ದು ಬರಬಹುದು. ಬಂದರೆ ಇಗ್ನಿಷನ್ನನ್ನು ಒಂದೆರಡು ಡಿಗ್ರಿ ಹಿಂದೆ ತನ್ನಿ. ಆಗಲೂ ನಿಲ್ಲದಿದ್ದರೆ ಕ್ಯಾಮನ್ನೇ ಹಿಂದಕ್ಕೆ ತರಬೇಕು. ಆ ಸದ್ದನ್ನು ಸಹಿಸಿಕೊಂಡು ಓಡಿಸಿದರೆ ಪಿಸ್ಟನ್ ಹಾಳಾಗುತ್ತದೆ.

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ) ಕಾರುಗಳಲ್ಲಿ ಇನ್‌ಟೇಕಿನ ಒಳಗಿನ ನಿರ್ವಾತವನ್ನು ಓದಿ ಪೆಟ್ರೋಲ್ ಲೆಕ್ಕ ಹಾಕುವ ಸೆನ್ಸರ್ ಇದ್ದರೆ, ಕ್ಯಾಮ್ ಸರಿದಾಗ ಆ ಲೆಕ್ಕವೂ ತುಸು ಬದಲಾಗುತ್ತದೆ. ಪ್ಲಗ್ಗಿನ ಬಣ್ಣ ನೋಡಿ: ತಿಳಿಕಂದು ಒಳ್ಳೆಯದು, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ.

ಫಲವನ್ನು ಅಳೆಯುವ ಬಗೆ

ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರ ಹುಡುಕಿಕೊಂಡು ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗುವುದು ಎಲ್ಲರಿಗೂ ಆಗದ ಮಾತು. ನಮ್ಮ ಗುಡ್ಡದ ಏರುಗಳೇ ಒಳ್ಳೆಯ ಅಳತೆಗೋಲು. ಮನೆಗಳಿಲ್ಲದ, ಶಾಲೆಯಿಲ್ಲದ, ಎದುರಿನ ತುದಿ ಕಾಣುವ ಏರೊಂದನ್ನು ಆರಿಸಿಕೊಳ್ಳಿ. ಮೊಬೈಲನ್ನು ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಹಿಡಿಸಿ ಡ್ಯಾಶ್‌ಬೋರ್ಡಿನ ವಿಡಿಯೊ ತೆಗೆಯಿರಿ. ಮೂರನೆಯ ಗೇರಿನಲ್ಲಿ 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3500ರ ತನಕ ಹೋಗಿ. ಸಣ್ಣ ಕಾರು ಆಗಲೂ ಅಂಥ ವೇಗಕ್ಕೆ ಹೋಗಿರುವುದಿಲ್ಲ. ಮನೆಗೆ ಬಂದು ವಿಡಿಯೊದ ಫ್ರೇಮುಗಳನ್ನು ಎಣಿಸಿದರೆ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗದ ತನಕ ಸಮಯ ಸಿಗುತ್ತದೆ. ಏರಿನಲ್ಲಿ ಭಾರ ಹೆಚ್ಚಿರುವುದರಿಂದ ಸಮಯ ಉದ್ದವಾಗಿ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪ್ರತಿ ಹೊಂದಾಣಿಕೆಗೂ ಮೂರು ನಾಲ್ಕು ಓಟ, ಅದೇ ಏರು, ಅಷ್ಟೇ ಜನ, ಎಸಿ ಬಂದ್, ಎಂಜಿನ್ ಪೂರ್ತಿ ಬಿಸಿ, ಅದೇ ಹೊತ್ತು. ಬೆಳಗಿನ ತಂಪಿನಲ್ಲಿ ಒಂದು, ಮಧ್ಯಾಹ್ನದ ಸೆಕೆಯಲ್ಲಿ ಇನ್ನೊಂದು ಓಟ ಮಾಡಿ ಹೋಲಿಸಿದರೆ ಗಾಳಿಯ ಬಿಸಿಯನ್ನು ಅಳೆದಂತಾಗುತ್ತದೆ, ಕ್ಯಾಮನ್ನಲ್ಲ. ರಾಷ್ಟ್ರೀಯ ಹೆದ್ದಾರಿ 66 ಇದಕ್ಕೆ ತಕ್ಕ ಜಾಗವಲ್ಲ. ಮಳೆಗಾಲದಲ್ಲಿ ಯಾವ ರಸ್ತೆಯೂ ತಕ್ಕದ್ದಲ್ಲ.

ಕಾನೂನಿನ ಮಾತೂ ತಿಳಿದಿರಲಿ. ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಬದಲಾವಣೆಗೆ, ಒಂದೊಂದಕ್ಕೂ 5000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು ಇಲ್ಲವೆ ಎರಡೂ ಆಗಬಹುದು. ಗೇರ್ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಹೊಗೆ ತಪಾಸಣೆ ಹೊಸದಾಗಿ ಮಾಡಿಸಿ.

ಬೆಲ್ಟಿನ ಕವರನ್ನು ತಪ್ಪದೆ ಮರಳಿ ಹಾಕಿ. ಬಣ್ಣದ ಗೇರ್ ಕಾಣಲೆಂದು ಕವರ್ ಬಿಚ್ಚಿಟ್ಟು ಓಡಿಸುವವರಿದ್ದಾರೆ. ಮುರಕಲ್ಲಿನ ಕೆಂಪು ಧೂಳು, ಮಳೆನೀರು, ಸಣ್ಣ ಜಲ್ಲಿ ಬೆಲ್ಟಿನ ಹಲ್ಲಿಗೆ ಸಿಕ್ಕಿದರೆ ಎಂಜಿನ್ ಉಳಿಯುವುದಿಲ್ಲ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಕವರ್ ತೆರೆದು ಬಿಳಿ ಗೀಟು ಮುರಿದಿಲ್ಲವೆಂದು, ಬೋಲ್ಟುಗಳ ಟಾರ್ಕ್ ಇಳಿದಿಲ್ಲವೆಂದು ನೋಡಿ. ಕಂಪನಿಯ ಸೆಂಟರ್‌ಲೈನ್, ನೀವು ಇಟ್ಟ ಸೆಂಟರ್‌ಲೈನ್, ಇಗ್ನಿಷನ್ ಡಿಗ್ರಿ, ತಾರೀಕು, ಓಡಿದ ಕಿಲೋಮೀಟರ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ ಬಾನೆಟ್ಟಿನ ಒಳಮೈಗೆ ಅಂಟಿಸಿ. ಮುಂದಿನ ಸಲ ಬೆಲ್ಟು ಬದಲಿಸುವ ಮೆಕ್ಯಾನಿಕ್ಕಿಗೆ ಗೇರಿನ ಗೀಟು ಸೊನ್ನೆಯಲ್ಲಿ ಇಲ್ಲದಿರುವುದು ಏಕೆಂದು ಅದರಿಂದ ತಿಳಿಯುತ್ತದೆ.